ಗಂಗಾವತಿ ಡಿಟಿಪಿ ಅಂಗಡಿಗೆ ಲಿನಕ್ಸ್ ಹಾಕಬಹುದಾ? ಹಳೆಯ ನುಡಿ ಫೈಲುಗಳ ಗತಿ ಏನು?

ಶೈಲಾ ಗಂಗಾವತಿ

ಎಲ್ಲರಿಗೂ ನಮಸ್ಕಾರ. ಗಂಗಾವತಿಯಲ್ಲಿ ನಮ್ಮದೊಂದು ಡಿಟಿಪಿ, ಜೆರಾಕ್ಸ್ ಅಂಗಡಿ ಇದೆ. ಲಗ್ನ ಪತ್ರಿಕೆ, ಜಾತ್ರೆ ಕರಪತ್ರ, ರೈಸ್ ಮಿಲ್ಲಿನವರ ಬಿಲ್ ಬುಕ್, ಅರ್ಜಿ ಟೈಪಿಂಗ್, ಫ್ಲೆಕ್ಸ್ ಡಿಸೈನ್, ಬಂದ ಕೆಲಸ ಯಾವುದನ್ನೂ ಬಿಡುವುದಿಲ್ಲ. ಅಪ್ಪ ಶುರು ಮಾಡಿದ್ದು. ಈಗ ನಾನು ನೋಡಿಕೊಳ್ಳುತ್ತೇನೆ.

ಮೂರು ಕಂಪ್ಯೂಟರ್ ಇವೆ, ಮೂರರಲ್ಲೂ ವಿಂಡೋಸ್ 10. 2025ರ ಅಕ್ಟೋಬರ್ 14ಕ್ಕೆ ಅದರ ಅಪ್ಡೇಟ್ ನಿಂತುಹೋಯಿತು. ವಿಂಡೋಸ್ 11 ಹಾಕೋಣ ಅಂದರೆ ಇವು ಆರನೇ ತಲೆಮಾರಿನ ಐ3. ಇಂಟೆಲ್ ಆದರೆ ಎಂಟನೇ ತಲೆಮಾರು ಇರಬೇಕು, ಟಿಪಿಎಂ 2.0 ಅನ್ನುವ ಭದ್ರತೆಯ ವ್ಯವಸ್ಥೆ ಬೇಕು ಎನ್ನುತ್ತದೆ. ಯಂತ್ರಗಳು ಮಾತ್ರ ಗಟ್ಟಿಮುಟ್ಟಾಗಿವೆ. ಒಂದು ದಿನವೂ ಕೈಕೊಟ್ಟಿಲ್ಲ. ಇವನ್ನು ಗುಜರಿಗೆ ಹಾಕಿ ಹೊಸದು ತರುವುದಕ್ಕೆ ಮನಸ್ಸು ಬರುತ್ತಿಲ್ಲ. ಲಗ್ನದ ಸೀಸನ್ ಮುಂದಿದೆ, ಕೈಯಲ್ಲಿರುವ ದುಡ್ಡೆಲ್ಲ ಕಾರ್ಡು ತರುವುದಕ್ಕೇ ಬೇಕು.

ತಮ್ಮ, ವಿಂಡೋಸ್ ಬದಲು ಉಚಿತವಾಗಿ ಸಿಗುವ ಲಿನಕ್ಸ್ ಹಾಕು ಅನ್ನುತ್ತಾನೆ. ನನಗೆ ಹೆದರಿಕೆ ಇರುವುದು ಒಂದೇ ಕಡೆ. ಅಪ್ಪನ ಕಾಲದಿಂದ ಮಾಡಿಟ್ಟ ಎಲ್ಲಾ ಕೆಲಸ ಪುಟ ಜೋಡಿಸುವ ಪೇಜ್‌ಮೇಕರ್‌ನಲ್ಲಿದೆ, ಅಕ್ಷರ ನುಡಿ ಅನ್ನುವ ಕನ್ನಡ ತಂತ್ರಾಂಶದ ಫಾಂಟಿನಲ್ಲಿದೆ. ಹಳೆ ಗಿರಾಕಿ ಬಂದು "ನಮ್ಮಣ್ಣನ ಮದುವೆಗೆ ಮಾಡಿದ್ದೇ ಡಿಸೈನ್ ಇರಲಿ, ಹೆಸರು ಬದಲಿಸಿ" ಅಂದರೆ ನಾನು ಹೋಗಿ ತೆಗೆಯುವುದು ಆ ಫೈಲನ್ನೇ. ಅದು ಹೋದರೆ ಅಂಗಡಿಯ ಅರ್ಧ ಬಂಡವಾಳ ಹೋದ ಹಾಗೆ. ಗೊತ್ತಿರುವವರು ಹೇಳಿ.

ಕೌಲ್‌ಬಜಾರ್ ಭಾಯ್

ಅಕ್ಕಾ, ಮೊದಲು ಯಂತ್ರದ ಮಾತು. ನಾನು ಬಳ್ಳಾರಿಯಲ್ಲಿ ರಿಪೇರಿ ಕೆಲಸ ಮಾಡುತ್ತೇನೆ. ಆರನೇ ತಲೆಮಾರಿನ ಐ3 ಗುಜರಿಗೆ ಹಾಕುವ ಸಾಮಾನೇ ಅಲ್ಲ. 4 ಜಿಬಿ ರ‍್ಯಾಮ್ ಇದ್ದರೂ ಲಿನಕ್ಸ್‌ನ ಒಂದು ಬಗೆಯಾದ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಹಗುರವಾಗಿ ಓಡುತ್ತದೆ. ಹಾರ್ಡ್ ಡಿಸ್ಕ್ ಇನ್ನೂ ತಿರುಗುವ ತರಹದ್ದೇ ಇದ್ದರೆ ಅದನ್ನು ತೆಗೆದು ಒಂದು ಸಣ್ಣ ಎಸ್‌ಎಸ್‌ಡಿ ಹಾಕಿಸಿ. ವ್ಯತ್ಯಾಸ ನೀವೇ ನೋಡುತ್ತೀರಿ. ಮಿಂಟ್ 22ರ ಸರಣಿಗೆ 2029ರವರೆಗೆ ಅಪ್ಡೇಟ್ ಇದೆ.

ರ‍್ಯಾಮ್ ಜಾಸ್ತಿ ಮಾಡಿಸಬೇಕು ಅಂತಿದ್ದರೆ ಹಳೆ ಯಂತ್ರದಿಂದ ಬಿಚ್ಚಿದ್ದು ಎಲ್ಲಾದರೂ ಸಿಗುತ್ತದಾ ನೋಡಿ. ಹೊಸದರ ರೇಟು ಕೇಳಬೇಡಿ. ಎಐ ಡೇಟಾ ಸೆಂಟರುಗಳು ಮೆಮೊರಿ ಚಿಪ್ ಎಲ್ಲಾ ಬಾಚಿಕೊಳ್ಳುತ್ತಿವೆ. 2025ರ ಕೊನೆಯಿಂದ ರೇಟು ಏರುತ್ತಾ ಬಂತು. ಮೈಕ್ರಾನ್ ಕಂಪನಿಯಂತೂ ಡಿಸೆಂಬರ್‌ನಲ್ಲಿ ಕ್ರೂಶಿಯಲ್ ಹೆಸರಿನಲ್ಲಿ ಜನಸಾಮಾನ್ಯರಿಗೆ ಮಾರುತ್ತಿದ್ದ ವ್ಯಾಪಾರವನ್ನೇ ಬಿಡುತ್ತೇವೆ ಅಂತ ಹೇಳಿಬಿಟ್ಟಿತು. ನಮ್ಮಂಥ ಸಣ್ಣ ಅಂಗಡಿಯವರು ಕಣ್ಣುಮುಚ್ಚಿ ಕೊಡುತ್ತಿದ್ದ ಮಾಲು ಅದು. ಇಂಥ ಹೊತ್ತಿನಲ್ಲಿ ಇರುವ ಯಂತ್ರವನ್ನು ಉಳಿಸಿಕೊಳ್ಳುವುದೇ ಜಾಣತನ.

ಇನ್ನೊಂದು ಮಾತು. ನಿಮ್ಮ ಗಿರಾಕಿಗಳು ಪೆನ್‌ಡ್ರೈವ್ ತರುತ್ತಾರೆ ಅಲ್ವಾ? ಫೋಲ್ಡರೆಲ್ಲ ಶಾರ್ಟ್‌ಕಟ್ ಆಗಿಬಿಡುವ ವೈರಸ್ ಜೆರಾಕ್ಸ್ ಅಂಗಡಿಗಳಿಂದಲೇ ಊರೆಲ್ಲ ಹರಡುವುದು. ಅದು ವಿಂಡೋಸ್‌ಗೆ ಬರೆದ ವೈರಸ್. ಮಿಂಟ್ ಯಂತ್ರಕ್ಕೆ ಚುಚ್ಚಿದರೆ ಓಡುವುದಿಲ್ಲ. ಮುಚ್ಚಿಟ್ಟ ಫೈಲುಗಳೂ ಕಾಣುತ್ತವೆ, ಬೇಕಾದ್ದನ್ನು ಎತ್ತಿಕೊಂಡು ಉಳಿದದ್ದನ್ನು ಅಳಿಸಬಹುದು. ಬೇರೆ ಯಾವ ಕಾರಣಕ್ಕೂ ಬೇಡ, ಇದಕ್ಕಾದರೂ ಪ್ರತಿ ಅಂಗಡಿಯಲ್ಲಿ ಒಂದು ಲಿನಕ್ಸ್ ಯಂತ್ರ ಇರಬೇಕು.

ಮಾನ್ವಿ ಸೇವಾ ಕೇಂದ್ರ

ನಾನು ಬೇಡ ಅನ್ನುತ್ತೇನೆ. ಲಿನಕ್ಸ್ ಕೆಟ್ಟದ್ದು ಅಂತಲ್ಲ. ನಾವು ಪ್ರತಿದಿನ ಬೆರಳಚ್ಚು ಯಂತ್ರ ಬಳಸುತ್ತೇವೆ. ಅದನ್ನು ಆಧಾರ್‌ಗೆ ಜೋಡಿಸುವ ತಂತ್ರಾಂಶ, ಆರ್‌ಡಿ ಸರ್ವೀಸ್, ಬಹುತೇಕ ವಿಂಡೋಸ್‌ಗೆ, ಆಂಡ್ರಾಯ್ಡ್‌ಗೆ ಮಾತ್ರ ಬರುತ್ತದೆ. ಲೆಕ್ಕಪತ್ರದ ಟ್ಯಾಲಿಗೆ ಲಿನಕ್ಸ್ ಆವೃತ್ತಿ ಇಲ್ಲ. ಮುಂದೆ ಜನ ಸಾಲುಗಟ್ಟಿ ನಿಂತಿರುವಾಗ ಡ್ರೈವರ್ ಹುಡುಕುತ್ತಾ ಕೂರುವುದಕ್ಕೆ ಆಗುತ್ತದಾ? ಪ್ರಿಂಟರ್ ಕೂಡ ನೋಡಿಕೊಳ್ಳಿ. ನಮ್ಮ ಕಡೆ ಎಲ್ಲಾ ಅಂಗಡಿಗಳಲ್ಲಿ ಕಾಣುವ ಒಂದು ಸಣ್ಣ ಲೇಸರ್ ಪ್ರಿಂಟರ್ ಇದೆ. ಅದು ಲಿನಕ್ಸ್‌ನಲ್ಲಿ ಸರಿಯಾಗಿ ಮಾತು ಕೇಳುವುದಿಲ್ಲ.

ಕೌಲ್‌ಬಜಾರ್ ಭಾಯ್

ಮಾನ್ವಿಯವರು ಹೇಳಿದ್ದು ನೂರಕ್ಕೆ ನೂರು ನಿಜ. ಬೆರಳಚ್ಚಿನ ಕೆಲಸ, ಟ್ಯಾಲಿ ಇರುವ ಕಡೆ ನಾನೂ ಲಿನಕ್ಸ್ ಹಾಕಿ ಕೊಡುವುದಿಲ್ಲ. ಪ್ರಿಂಟರ್ ವಿಷಯಕ್ಕೆ ಒಂದು ಉಪಾಯ ಇದೆ. ಮಿಂಟನ್ನು ಪೆನ್‌ಡ್ರೈವ್‌ಗೆ ಬರೆದುಕೊಂಡು ಅದರಿಂದಲೇ ಯಂತ್ರ ಶುರು ಮಾಡಿ. ಡಿಸ್ಕ್‌ನಲ್ಲಿ ಏನೂ ಬದಲಾಗುವುದಿಲ್ಲ. ಪ್ರಿಂಟ್ ಕೊಟ್ಟು ನೋಡಿ, ಸ್ಕ್ಯಾನ್ ಮಾಡಿ ನೋಡಿ, ವಾಟ್ಸಾಪ್ ವೆಬ್ ತೆಗೆದು ನೋಡಿ. ಎಲ್ಲಾ ಆದರೆ ಮಾತ್ರ ಮುಂದಿನ ಮಾತು.

ಶಕ್ತಿನಗರ ಸರ್ವರ್

ಶೈಲಾ ಅವರೇ, ನಿಮ್ಮ ಪ್ರಶ್ನೆಯಲ್ಲಿ ಎರಡು ಪ್ರಶ್ನೆ ಸೇರಿಕೊಂಡಿವೆ. ವಿಂಡೋಸ್ ಬಿಡಬೇಕಾ ಅನ್ನುವುದು ಒಂದು. ಅದನ್ನು ನಿಧಾನಕ್ಕೆ ನೋಡಬಹುದು. ಅಪ್ಪನ ಫೈಲುಗಳು ಇನ್ನೂ ಹತ್ತಿಪ್ಪತ್ತು ವರ್ಷ ತೆರೆಯಬೇಕಾ ಅನ್ನುವುದು ಇನ್ನೊಂದು. ಅದಕ್ಕೆ ವಿಂಡೋಸ್ 11 ತಂದರೂ ಉತ್ತರ ಸಿಗುವುದಿಲ್ಲ. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ತಾಳ್ಮೆಯಿಂದ ಓದಿ.

ಪೇಜ್‌ಮೇಕರ್‌ನ ಕೊನೆಯ ಆವೃತ್ತಿ 7.0. ಬಂದದ್ದು 2001ರಲ್ಲಿ. 2004ರಲ್ಲಿ ಅಡೋಬಿ ಅದನ್ನು ಬೆಳೆಸುವುದನ್ನೇ ನಿಲ್ಲಿಸಿತು. ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಖ್ಯೆ ಕೊಡುವ ಯೂನಿಕೋಡ್ ಪದ್ಧತಿ ಅದಕ್ಕೆ ಗೊತ್ತಿಲ್ಲ. ಅದಕ್ಕೇ ಆ ಕಾಲದ ನುಡಿ, ಬರಹ, ಶ್ರೀಲಿಪಿ ಎಲ್ಲವೂ ಒಂದು ಜಾಣ ದಾರಿ ಹಿಡಿದವು. ಇಂಗ್ಲಿಷ್ ಅಕ್ಷರಗಳಿಗೆ ಇಟ್ಟ ಜಾಗದಲ್ಲೇ ಕನ್ನಡದ ತುಂಡುಗಳನ್ನು ಕೂರಿಸಿದವು. ತಲೆಕಟ್ಟು ಒಂದು ಕಡೆ, ಒತ್ತು ಇನ್ನೊಂದು ಕಡೆ, ಕೊಂಬು ಮತ್ತೊಂದು ಕಡೆ. ಕಣ್ಣಿಗೆ ಕನ್ನಡ ಕಾಣುತ್ತದೆ. ಕಂಪ್ಯೂಟರಿನ ಪಾಲಿಗೆ ಅದು ಮೇಲೆ ಗೆರೆ, ಚುಕ್ಕಿ ಇಟ್ಟ ರೋಮನ್ ಅಕ್ಷರಗಳ ಸಾಲು, ಅಷ್ಟೇ. ಫಾಂಟ್ ಇಲ್ಲದ ಯಂತ್ರದಲ್ಲಿ ಆ ಫೈಲು ತೆಗೆದರೆ ಏನು ಕಾಣುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಆ ಕಾಲಕ್ಕೆ ಅದು ದೊಡ್ಡ ಉಪಕಾರ. ನುಡಿ, ಬರಹ ಇರದಿದ್ದರೆ ನಮ್ಮ ತಾಲ್ಲೂಕು ಕಚೇರಿಗಳಿಗೆ, ಪ್ರೆಸ್ಸುಗಳಿಗೆ ಕನ್ನಡ ಬರುತ್ತಲೇ ಇರಲಿಲ್ಲ. ಆದರೆ ಆ ಬರವಣಿಗೆ ಹುಡುಕಲು ಸಿಗುವುದಿಲ್ಲ, ಅಕಾರಾದಿಯಲ್ಲಿ ಜೋಡಿಸಲು ಬರುವುದಿಲ್ಲ, ವಾಟ್ಸಾಪ್‌ಗೆ ಅಂಟಿಸಿದರೆ ಗೋಜಲು. ಫಾಂಟ್ ಕಳೆದ ದಿನ ಎಲ್ಲಾ ಕಳೆದುಹೋಯಿತು. ಯೂನಿಕೋಡ್‌ನಲ್ಲಿ ಕನ್ನಡಕ್ಕೆ ತನ್ನದೇ ಜಾಗ 1991ರ ಮೊದಲ ಆವೃತ್ತಿಯಿಂದಲೇ ಇದೆ. ಅದರಲ್ಲಿ ಬರೆದದ್ದು ವಿಂಡೋಸ್, ಲಿನಕ್ಸ್, ಫೋನ್, ಎಲ್ಲಾ ಕಡೆ ಕನ್ನಡವಾಗಿಯೇ ಇರುತ್ತದೆ. ಈಗಿನ ನುಡಿಯಲ್ಲೂ ಯೂನಿಕೋಡ್ ಇದೆ. ಆದರೆ ನಮ್ಮ ಪ್ರೆಸ್ಸುಗಳಲ್ಲಿ ಕೈ ಹಳೆಯದಕ್ಕೇ ಹೋಗುತ್ತದೆ, ಪೇಜ್‌ಮೇಕರ್ ಅದನ್ನೇ ಕೇಳುತ್ತದೆ ಅನ್ನುವ ಕಾರಣಕ್ಕೆ.

ಹಾಗಾಗಿ ನನ್ನ ಮಾತು ಇಷ್ಟೇ. ಮೊದಲು ಅಕ್ಷರಗಳನ್ನು ಯೂನಿಕೋಡ್‌ಗೆ ತನ್ನಿ. ಆಮೇಲೆ ಯಾವ ಸಿಸ್ಟಂ ಬಳಸುತ್ತೀರಿ ಅನ್ನುವುದು ನಿಮ್ಮ ಇಷ್ಟ.

ಶೈಲಾ ಗಂಗಾವತಿ

ಸರ್, ಅರ್ಥ ಆಯಿತು. ಆದರೆ ಪೇಜ್‌ಮೇಕರ್ ಫೈಲು ಲಿನಕ್ಸ್‌ನಲ್ಲಿ ತೆರೆಯುವುದೇ ಇಲ್ಲವಲ್ಲ? ಒಂದೊಂದನ್ನೇ ತೆಗೆದು ಕಾಪಿ ಮಾಡುತ್ತಾ ಕೂತರೆ ವರ್ಷವೇ ಬೇಕು. ಮತ್ತೆ ಟೈಪಿಂಗ್? ನನ್ನ ಕೈ ನುಡಿ ಕೀಬೋರ್ಡ್‌ಗೆ ಕೂತುಬಿಟ್ಟಿದೆ. ನೋಡದೆ ಹೊಡೆಯುತ್ತೇನೆ.

ಶಕ್ತಿನಗರ ಸರ್ವರ್

ಕೈ ಬದಲಿಸುವ ಅಗತ್ಯವೇ ಇಲ್ಲ. ಕೆ.ಪಿ. ರಾವ್ ಅವರು ರೂಪಿಸಿದ ಅದೇ ಕೀಲಿಮಣೆ ಲಿನಕ್ಸ್‌ನಲ್ಲಿ ಹುಟ್ಟಿನಿಂದಲೇ ಬರುತ್ತದೆ. ಕೀಬೋರ್ಡ್ ಸೆಟ್ಟಿಂಗ್ಸ್‌ಗೆ ಹೋಗಿ, ಕನ್ನಡ ಅಂತ ಹುಡುಕಿ, ಅದರಲ್ಲಿ ಕಗಪ ಅಂತ ಇರುವುದನ್ನು ಸೇರಿಸಿ. ಒತ್ತಕ್ಷರಕ್ಕೆ ಎಫ್ ಒತ್ತುತ್ತೀರಲ್ಲ, ಅಲ್ಲೂ ಎಫ್. ಬೇರೆ ಏನನ್ನೂ ಇಳಿಸಿಕೊಳ್ಳಬೇಕಾಗಿಲ್ಲ.

ಪೇಜ್‌ಮೇಕರ್ ಫೈಲಿಗೂ ದಾರಿ ಇದೆ. ಲಿಬ್ರೆ ಆಫೀಸ್ ಅನ್ನುವ ಉಚಿತ ಕಚೇರಿ ತಂತ್ರಾಂಶದಲ್ಲಿ ಡ್ರಾ ಅಂತ ಒಂದು ಭಾಗ ಇದೆ. ಅದು ಪೇಜ್‌ಮೇಕರ್ 6, 7ರ ಫೈಲುಗಳನ್ನು ಓದುತ್ತದೆ. ಅಡೋಬಿಯವರು ಕೈಬಿಟ್ಟ ಫೈಲಿನ ಗುಟ್ಟನ್ನು ಸ್ವಯಂಸೇವಕರು ಒಂದೊಂದೇ ಬಿಡಿಸಿ ಬರೆದ ಕೆಲಸ ಅದು. ನಿಮ್ಮ ನುಡಿಯ ಟಿಟಿಎಫ್ ಫಾಂಟುಗಳನ್ನು ಹೋಮ್ ಫೋಲ್ಡರಿನ ಒಳಗಿನ ಫಾಂಟ್ಸ್ ಫೋಲ್ಡರಿಗೆ ಹಾಕಿದರೆ ಅಕ್ಷರ ಕಾಣುತ್ತದೆ. ವಿನ್ಯಾಸ ಒಂದಿಷ್ಟು ಆಚೀಚೆ ಆಗಬಹುದು. ಪಠ್ಯ ಕೈಗೆ ಸಿಗುತ್ತದೆ, ಅದು ಮುಖ್ಯ. ಕೋರೆಲ್‌ಡ್ರಾ ಫೈಲುಗಳನ್ನೂ ಈ ಡ್ರಾ ಮತ್ತು ಚಿತ್ರ ಬರೆಯುವ ಉಚಿತ ತಂತ್ರಾಂಶ ಇಂಕ್‌ಸ್ಕೇಪ್ ಎರಡೂ ಓದುತ್ತವೆ. ತುಂಬಾ ಹೊಸ ಆವೃತ್ತಿಯದಾದರೆ ತಕರಾರು ಮಾಡಬಹುದು.

ಪಠ್ಯವನ್ನು ಯೂನಿಕೋಡ್ ಮಾಡುವುದಕ್ಕೆ ಅರವಿಂದ ವಿ.ಕೆ. ಅವರ ಆಸ್ಕಿ (ಅಂದರೆ ಈ ಹಳೆಯ ಬಗೆಯ ಅಕ್ಷರ) ಟು ಯೂನಿಕೋಡ್ ಪರಿವರ್ತಕ ಇದೆ. ಬ್ರೌಸರ್‌ನಲ್ಲೇ ಓಡುತ್ತದೆ, ಮೂಲ ಕೋಡೂ ಮುಕ್ತ, ಅಂದರೆ ಯಾರು ಬೇಕಾದರೂ ನೋಡಬಹುದು. ನವಿಲು, ಗುಬ್ಬಿ ಅನ್ನುವ ಫಾಂಟುಗಳನ್ನು ಮಾಡಿದವರೂ ಅವರೇ. ಮಿಂಟ್‌ನ ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಹುಡುಕಿದರೆ ಎರಡೂ ಸಿಗುತ್ತವೆ.

ಪರಿವರ್ತನೆ ಆದ ಮೇಲೆ ಕಣ್ಣಿಟ್ಟು ನೋಡಬೇಕಾದ ಜಾಗಗಳು ಕೆಲವಿವೆ. ಅರ್ಕಾವತ್ತು ಮೊದಲನೆಯದು. "ಕಾರ್ಯಕ್ರಮ" ಬರೆಯುವಾಗ ಹಳೆಯ ಫಾಂಟಿನಲ್ಲಿ ಆ ಗುರುತು ಅಕ್ಷರದ ನಂತರ ಬರುತ್ತದೆ. ಯೂನಿಕೋಡ್‌ನಲ್ಲಿ ರ ಮೊದಲು ಬರಬೇಕು. ಪರಿವರ್ತಕ ಅದನ್ನು ಹಿಂದಕ್ಕೆ ಎಳೆದು ಕೂರಿಸಬೇಕು. ಉದ್ದನೆಯ ಒತ್ತಕ್ಷರ ಇದ್ದಾಗ ಒಮ್ಮೊಮ್ಮೆ ತಪ್ಪುತ್ತದೆ. "ರ‍್ಯಾಲಿ" ಅಂಥ ಪದಗಳೂ ಹಾಗೆಯೇ, ನಡುವೆ ಕಣ್ಣಿಗೆ ಕಾಣದ ಒಂದು ಜೋಡಣೆ ಗುರುತು ಇರಬೇಕು.

ಎಲ್ಲಕ್ಕಿಂತ ಮೋಸ ಮಾಡುವುದು ಸೊನ್ನೆ. ನಿಮ್ಮ ಊರನ್ನೇ ನೋಡಿ. "ಗಂಗಾವತಿ" ಅನ್ನುವುದನ್ನು ಅನುಸ್ವಾರ ಹಾಕಿ ಬರೆಯಬೇಕು. ಎಷ್ಟೋ ಕಡೆ ಕನ್ನಡದ ಅಂಕಿ ಸೊನ್ನೆಯನ್ನು ಒತ್ತಿ "ಗ೦ಗಾವತಿ" ಅಂತ ಮಾಡಿರುತ್ತಾರೆ. ಕಾಗದದ ಮೇಲೆ ಎರಡೂ ಒಂದೇ. ಹುಡುಕಿದಾಗ ಎರಡನೆಯದು ಸಿಗುವುದೇ ಇಲ್ಲ. ಅಕ್ಷರದ ಪಕ್ಕ ಅಂಕಿ ಸೊನ್ನೆ ಬಂದ ಕಡೆಯೆಲ್ಲ ಅನುಸ್ವಾರ ಮಾಡು ಅಂತ ಲಿಬ್ರೆ ಆಫೀಸ್‌ನ ಹುಡುಕು-ಬದಲಿಸು ಕಿಟಕಿಯಲ್ಲಿ ಒಂದೇ ಸಲ ಹೇಳಿ ಮುಗಿಸಬಹುದು. ನಿಜವಾದ ಅಂಕಿಗಳನ್ನು ಮುಟ್ಟದ ಹಾಗೆ ನೋಡಿಕೊಳ್ಳಿ, ಮುಹೂರ್ತದ ಸಮಯ ಕೆಡಬಾರದು.

ಕುಷ್ಟಗಿ ಮೇಷ್ಟ್ರು

ಈ ಯೂನಿಕೋಡ್ ಮಾತಿಗೆ ನಾನೊಂದು ಸೇರಿಸಬೇಕು. ನಾನು ಸರ್ಕಾರಿ ಶಾಲೆಯ ಮೇಷ್ಟ್ರು. ಕಣ್ಣು ಕಾಣದ ಮಕ್ಕಳು ಕಂಪ್ಯೂಟರ್ ಬಳಸುವುದು ಪರದೆ ಮೇಲಿನದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಮೂಲಕ. ಎನ್‌ವಿಡಿಎ ಅಂತ ಒಂದಿದೆ. ಆಸ್ಟ್ರೇಲಿಯಾದ ಮೈಕೆಲ್ ಕರನ್ 2006ರಲ್ಲಿ ಶುರು ಮಾಡಿದರು, ಜೇಮ್ಸ್ ಟೆ ಜೊತೆಗೂಡಿದರು. ಇಬ್ಬರಿಗೂ ಕಣ್ಣು ಕಾಣುವುದಿಲ್ಲ. ಅಂಥದೇ ಬೇರೆ ತಂತ್ರಾಂಶ ಕೊಳ್ಳಬೇಕಾದರೆ ದುಡ್ಡು ಜಾಸ್ತಿ. ಇದು ಉಚಿತ, ಕೋಡೂ ಮುಕ್ತ. ಜೊತೆಗೆ ಬರುವ ಈಸ್ಪೀಕ್ ಅನ್ನುವ ಧ್ವನಿ ತಂತ್ರಾಂಶ ಕನ್ನಡ ಓದುತ್ತದೆ. ಧ್ವನಿ ಯಂತ್ರದ ತರಹ ಇದೆ, ಆದರೂ ಮಕ್ಕಳು ಬೇಗ ಒಗ್ಗಿಕೊಳ್ಳುತ್ತಾರೆ.

ಈಗ ನೀವು ಹಳೆಯ ನುಡಿಯಲ್ಲಿ ಮಾಡಿದ ಒಂದು ಪ್ರಶ್ನೆಪತ್ರಿಕೆಯನ್ನೋ, ಸುತ್ತೋಲೆಯನ್ನೋ ಆ ಮಗುವಿಗೆ ಕೊಡಿ. ಅದು ಏನು ಓದಬೇಕು? ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳನ್ನು ಬಡಬಡಿಸುತ್ತದೆ. ನಮಗೆ ಕಾಣುವ ಕನ್ನಡ ಆ ಮಗುವಿಗೆ ಇಲ್ಲವೇ ಇಲ್ಲ. ಅದೇ ಪಠ್ಯ ಯೂನಿಕೋಡ್‌ನಲ್ಲಿದ್ದರೆ ಯಾರ ಸಹಾಯವೂ ಇಲ್ಲದೆ ಕೇಳಿಸಿಕೊಳ್ಳುತ್ತದೆ. ಪಂಚಾಯಿತಿಯವರು, ಶಾಲೆಯವರು, ಪ್ರೆಸ್ಸಿನವರು ಇದನ್ನು ಮನಸ್ಸಿಗೆ ತಗೋಬೇಕು. ಶೈಲಾ ತಂಗಿ, ನೀವು ಟೈಪ್ ಮಾಡಿದ ಅರ್ಜಿ ನಿಮ್ಮ ಅಂಗಡಿಯಲ್ಲೇ ನಿಲ್ಲುವುದಿಲ್ಲ, ಅದು ಎಲ್ಲೆಲ್ಲೋ ಹೋಗುತ್ತದೆ.

ಶಕ್ತಿನಗರ ಸರ್ವರ್

ಮೇಷ್ಟ್ರೇ, ಇದನ್ನು ಮೊದಲೇ ಯಾರಾದರೂ ಎತ್ತಬೇಕಿತ್ತು. ನಿಮ್ಮ ಶಾಲೆಯಲ್ಲಿ ಯಾವ ಸಿಸ್ಟಂ?

ಕುಷ್ಟಗಿ ಮೇಷ್ಟ್ರು

ಲ್ಯಾಬಿನಲ್ಲಿ ಲಿನಕ್ಸ್‌ನ ಇನ್ನೊಂದು ಬಗೆಯಾದ ಉಬುಂಟು ಹಾಕಿಕೊಂಡಿದ್ದೇವೆ. ಕೇರಳದ ಸರ್ಕಾರಿ ಶಾಲೆಗಳಲ್ಲಿ ಎಷ್ಟೋ ವರ್ಷದಿಂದ ಪಾಠವೆಲ್ಲ ಲಿನಕ್ಸ್ ಮೇಲೆಯೇ ನಡೆಯುತ್ತಿದೆ. ಅಲ್ಲಿ ಆಗುವುದಾದರೆ ಇಲ್ಲಿ ಯಾಕೆ ಆಗಬಾರದು? ನಮ್ಮಲ್ಲೂ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ವಿಕಿ ಇದೆ, ಶಿಕ್ಷಕರೇ ಬರೆದದ್ದು. ಪರದೆ ಮೇಲೆ ಮಾಡಿ ನೋಡುವ ಫೆಟ್ ವಿಜ್ಞಾನ ಪ್ರಯೋಗಗಳು ಕನ್ನಡದಲ್ಲಿ ಇವೆ.

ಮಕ್ಕಳಿಗೆ ಎಲ್ಲಕ್ಕಿಂತ ಇಷ್ಟ ಆಕಾಶ ತೋರಿಸುವ ತಂತ್ರಾಂಶ ಸ್ಟೆಲ್ಲೇರಿಯಮ್. ಊರು ಕುಷ್ಟಗಿ ಅಂತ ಇಟ್ಟು, ಸಮಯ ರಾತ್ರಿ ಎಂಟಕ್ಕೆ ಒಯ್ದು, ಮೃಗಶಿರ, ಕೃತ್ತಿಕೆ ಎಲ್ಲಿದೆ ಅಂತ ತೋರಿಸುತ್ತೇನೆ. ಮಾರನೇ ದಿನ "ಸರ್, ನಮ್ಮ ಮಾಳಿಗೆ ಮೇಲೆ ಅದೇ ಜಾಗದಲ್ಲಿತ್ತು" ಅಂತ ಬರುತ್ತಾರೆ. ಬೇಸಿಗೆಯಲ್ಲಿ ನಮ್ಮ ಕಡೆ ಎಲ್ಲರೂ ಮಾಳಿಗೆ ಮೇಲೆಯೇ ಅಲ್ವಾ ಮಲಗುವುದು.

ಜೀನ್ಸ್ ಮಂಜ, ಬಳ್ಳಾರಿ

ಡಿಟಿಪಿ ಮಾತಿನ ನಡುವೆ ಬರುತ್ತಿದ್ದೇನೆ, ಬೇಜಾರು ಮಾಡ್ಕೋಬೇಡಿ. ನಮ್ಮದು ಜೀನ್ಸ್ ಹೊಲಿಯುವ ಸಣ್ಣ ಯೂನಿಟ್. ಹಿಂದಿನ ಜೇಬಿನ ಮೇಲೆ ಹಾಕುವ ಕಸೂತಿಗೆ ಡಿಸೈನ್ ಮಾಡುವ ಸಾಫ್ಟ್‌ವೇರ್ ಇದೆಯಲ್ಲ, ಅದರ ಬೆಲೆ ಕೇಳಿದರೆ ಒಂದು ಮೆಷಿನ್ನೇ ಬರುತ್ತದೆ. ನಮ್ಮ ಬೀದಿಯಲ್ಲಿ ಬಹಳ ಮಂದಿ ಕ್ರ್ಯಾಕ್ ಮಾಡಿದ್ದನ್ನೇ ಹಾಕಿಕೊಂಡಿದ್ದಾರೆ. ಅದರ ಜೊತೆ ಏನೇನು ಒಳಗೆ ಬರುತ್ತದೆ ಅಂತ ಭಾಯ್‌ಗೆ ಗೊತ್ತು.

ನಮ್ಮ ಹುಡುಗ ಇಂಕ್‌ಸ್ಟಿಚ್ ಅಂತ ಒಂದನ್ನು ಹುಡುಕಿ ತಂದ. ಇಂಕ್‌ಸ್ಕೇಪ್ ಒಳಗೆ ಸೇರಿಕೊಳ್ಳುವ ಉಚಿತ ಸಾಫ್ಟ್‌ವೇರ್. ಗೆರೆ ಬರೆದು, ಇದು ಸಾದಾ ಹೊಲಿಗೆ, ಇದು ಸ್ಯಾಟಿನ್, ಇದು ತುಂಬುವ ಹೊಲಿಗೆ ಅಂತ ಹೇಳಬೇಕು. ಟಾಂಕೆಗಳ ನಡುವಿನ ಅಂತರ ನಾವೇ ಇಡಬಹುದು. ಆಮೇಲೆ ಡಿಎಸ್‌ಟಿ ಫೈಲ್ ಮಾಡಿ ಮೆಷಿನ್‌ಗೆ ಕೊಡುವುದು. ಡೆನಿಮ್ ದಪ್ಪ ಬಟ್ಟೆ, ತುಂಬಾ ಒತ್ತೊತ್ತಾಗಿ ಟಾಂಕೆ ಇಟ್ಟರೆ ಸೂಜಿ ಮುರಿಯುತ್ತದೆ, ದಾರ ಹರಿಯುತ್ತದೆ. ಹಾಗಾಗಿ ಮೊದಲು ಚಿಂದಿ ಬಟ್ಟೆ ಮೇಲೆ ಹೊಡೆದು ನೋಡುತ್ತೇವೆ. ಕಮಾನಿನ ತರಹದ ಗೆರೆ, ಎಲೆ, ಅಕ್ಷರ, ನಮಗೆ ಬೇಕಾದ್ದೆಲ್ಲ ಆಗುತ್ತದೆ. ಫೋಟೋ ಕೊಟ್ಟರೆ ತಾನೇ ಕಸೂತಿ ಮಾಡಿಕೊಡುವ ದೊಡ್ಡ ಸಾಫ್ಟ್‌ವೇರಿನ ಸೊಗಸು ಇದರಲ್ಲಿ ಇಲ್ಲ. ಕೂತು ಕಲಿಯಬೇಕು. ಕಲಿತ ಮೇಲೆ ಡಿಸೈನ್ ನಮ್ಮದು, ಫೈಲು ನಮ್ಮದು. ಯಾರೂ ಬಂದು ಲೈಸೆನ್ಸ್ ಮುಗಿಯಿತು ಅನ್ನುವುದಿಲ್ಲ.

ಲೆಕ್ಕಪತ್ರಕ್ಕೆ ಮಾತ್ರ ವಿಂಡೋಸ್, ಟ್ಯಾಲಿ ಇಟ್ಟುಕೊಂಡಿದ್ದೇವೆ. ಆಡಿಟರ್ ಅದನ್ನೇ ಕೇಳುತ್ತಾರೆ.

ಕೌಲ್‌ಬಜಾರ್ ಭಾಯ್

ಮಂಜಣ್ಣ, ನಿಮ್ಮ ಯೂನಿಟ್‌ಗಳ ಕಂಪ್ಯೂಟರ್ ಬಿಚ್ಚಿದರೆ ಫ್ಯಾನಿನ ಕೆಳಗೆ ನೀಲಿ ನೂಲಿನ ಪುಡಿ ಕಂಬಳಿ ತರಹ ಕೂತಿರುತ್ತದೆ. ಗಾಳಿಯೇ ಆಡುವುದಿಲ್ಲ. ಬಳ್ಳಾರಿ ಬಿಸಿಲಿಗೆ ಅದು ಸೇರಿದರೆ ಕಂಪ್ಯೂಟರ್ ನಿಧಾನ ಆಗದೆ ಇನ್ನೇನಾಗುತ್ತದೆ? ಸಾಫ್ಟ್‌ವೇರ್ ಬದಲಿಸುವ ಮೊದಲು ಬ್ಲೋವರ್ ಹೊಡೆಸಿ, ಪ್ರೊಸೆಸರ್ ಮೇಲಿನ ಪೇಸ್ಟ್ ಬದಲಿಸಿ. ಎಷ್ಟೋ ಜನ ಹೊಸ ಯಂತ್ರ ತಗೊಂಡದ್ದು ಬರೀ ಧೂಳಿನ ಕಾರಣಕ್ಕೆ.

ಸಿಂಧನೂರು ಹುಡುಗ

ಕಂಪ್ಯೂಟರ್ ಬಿಡಿ, ನಮ್ಮ ಊರುಗಳಲ್ಲಿ ಜಾಸ್ತಿ ಜನರ ಕೈಯಲ್ಲಿ ಇರುವುದು ಫೋನ್. ಅದರ ಸುದ್ದಿ ನೋಡಿದ್ರಾ? ಪ್ಲೇ ಸ್ಟೋರ್ ಹೊರಗಿನಿಂದ ಆ್ಯಪ್ ಹಾಕಿಕೊಳ್ಳಬೇಕಾದರೂ ಅದನ್ನು ಮಾಡಿದವರು ಗೂಗಲ್ ಹತ್ತಿರ ಗುರುತು ನೋಂದಾಯಿಸಿರಬೇಕು ಅಂತ 2025ರ ಆಗಸ್ಟ್‌ನಲ್ಲಿ ಹೇಳಿದರು. 2026ರ ಸೆಪ್ಟೆಂಬರ್‌ನಲ್ಲಿ ಬ್ರೆಜಿಲ್, ಇಂಡೋನೇಷ್ಯಾ, ಸಿಂಗಾಪುರ, ಥಾಯ್ಲೆಂಡ್‌ನಲ್ಲಿ ಶುರು, 2027ರಿಂದ ಉಳಿದ ಕಡೆ ಅಂತ ಲೆಕ್ಕ. ಎಫ್-ಡ್ರಾಯ್ಡ್‌ನವರು ದೊಡ್ಡ ದನಿಯಲ್ಲಿ ವಿರೋಧ ಮಾಡಿದರು. 2010ರಿಂದ ಮುಕ್ತ ಆ್ಯಪ್‌ಗಳನ್ನು ಮಾತ್ರ ಇಟ್ಟು ನಡೆಸುತ್ತಿರುವ ಅಂಗಡಿ ಅದು. ಆಮೇಲೆ ನವೆಂಬರ್‌ನಲ್ಲಿ, ಅಪಾಯ ಗೊತ್ತಿದ್ದೂ ಹಾಕಿಕೊಳ್ಳುವವರಿಗೆ ಒಂದು ದಾರಿ ಬಿಡುತ್ತೇವೆ ಅಂತ ಗೂಗಲ್ ಹೇಳಿತು.

ನನಗೆ ಇದು ಸರಿ ಕಾಣುವುದಿಲ್ಲ. ಫೋನ್ ದುಡ್ಡು ಕೊಟ್ಟು ತಗೊಂಡದ್ದು ನಾನು. ಅದರಲ್ಲಿ ಏನು ಹಾಕಬೇಕು ಅನ್ನುವುದಕ್ಕೆ ಇನ್ನೊಬ್ಬರ ಒಪ್ಪಿಗೆ ಯಾಕೆ?

ಮಾನ್ವಿ ಸೇವಾ ಕೇಂದ್ರ

ತಮ್ಮಾ, ನನ್ನ ಅಂಗಡಿಗೆ ಬಂದು ಒಂದು ದಿನ ಕೂತು ನೋಡು. ಮದುವೆ ಕಾರ್ಡು ಅಂತ ವಾಟ್ಸಾಪ್‌ನಲ್ಲಿ ಎಪಿಕೆ ಫೈಲ್, ಅಂದರೆ ಆ್ಯಪ್ ಹಾಕುವ ಫೈಲ್, ಬರುತ್ತದೆ. ಒತ್ತಿದರೆ ಮೆಸೇಜ್ ಓದುವ ಅನುಮತಿ ಕೇಳುತ್ತದೆ. ಅಷ್ಟೇ, ಓಟಿಪಿ ಎಲ್ಲಾ ಕಳ್ಳರ ಕೈಗೆ. ಹತ್ತಿ ಮಾರಿದ ದುಡ್ಡು ಹಾಗೇ ಕಳಕೊಂಡು ಅಳುತ್ತಾ ಬಂದವರನ್ನು ನಾನು ಕಣ್ಣಾರೆ ನೋಡಿದ್ದೇನೆ. ಅಂಥವರಿಗೆ ಒಂದು ತಡೆಗೋಡೆ ಬೇಕೇ ಬೇಕು.

ಸಿಂಧನೂರು ಹುಡುಗ

ಅಣ್ಣ, ನೀವು ಹೇಳಿದ್ದು ನೋವಿನ ಮಾತು, ಒಪ್ಪುತ್ತೇನೆ. ನಮ್ಮ ಮಾವನ ಊರಲ್ಲೂ ಹಾಗೆ ಆಗಿದೆ. ಆದರೆ ಕಳ್ಳರು ಸುಳ್ಳು ದಾಖಲೆ ಕೊಟ್ಟು ನೋಂದಾಯಿಸಿಕೊಳ್ಳುವುದಿಲ್ಲ ಅಂತ ಹೇಗೆ ನಂಬೋಣ? ಸಿಕ್ಕಿಬೀಳುವುದು ಸುಮ್ನೆ ಬಿಡುವಿನಲ್ಲಿ ಒಂದು ಕನ್ನಡ ನಿಘಂಟು ಆ್ಯಪ್ ಮಾಡಿ ಹಂಚುವ ಕಾಲೇಜು ಹುಡುಗ. ದಾರಿ ಬಿಡುತ್ತೇವೆ ಅಂದಿದ್ದಾರಲ್ಲ, ಆ ದಾರಿ ಎಷ್ಟು ಕಷ್ಟದ್ದಾಗಿರುತ್ತದೆ ಅನ್ನುವುದರ ಮೇಲೆ ಎಲ್ಲಾ ನಿಂತಿದೆ. ವಿಡಿಯೋ ನೋಡುವ ವಿಎಲ್‌ಸಿ ಕತೆ ನೆನಪಿದೆಯಾ? 2022ರಲ್ಲಿ ಅದರ ಜಾಲತಾಣವನ್ನೇ ನಮ್ಮ ದೇಶದಲ್ಲಿ ತಡೆದಿದ್ದರು. ವಕೀಲರ ನೋಟಿಸ್ ಹೋದ ಮೇಲೆ ನವೆಂಬರ್‌ನಲ್ಲಿ ತೆರೆಯಿತು. ಊರೂರಿನ ವಿಡಿಯೋ ಅಂಗಡಿಗಳೆಲ್ಲ ಬಳಸುವ ಸಾಫ್ಟ್‌ವೇರ್ ಅದು. ಒಂದೇ ಬಾಗಿಲು ಇದ್ದರೆ ಅದನ್ನು ಮುಚ್ಚುವುದು ಬಹಳ ಸುಲಭ.

ಮಾನ್ವಿ ಸೇವಾ ಕೇಂದ್ರ

ಬಾಗಿಲು ಎರಡಿರಲಿ. ಎರಡನೆಯದು ಅಜ್ಜಿಯ ಫೋನಿನಲ್ಲಿ ತಾನಾಗಿ ತೆರೆಯಬಾರದು, ಅಷ್ಟೇ ನನ್ನ ಬೇಡಿಕೆ. ಇನ್ನೊಂದು ಕೇಳುತ್ತೇನೆ, ಶಕ್ತಿನಗರದವರು ಹೇಳಲಿ. ಕೋಡ್ ಎಲ್ಲರಿಗೂ ಕಾಣುತ್ತದೆ ಅಂದರೆ ಕಳ್ಳರಿಗೂ ಕಾಣುತ್ತದಲ್ಲ? ಅದು ಸುರಕ್ಷಿತ ಅಂತ ಹೇಗೆ?

ಶಕ್ತಿನಗರ ಸರ್ವರ್

ಒಳ್ಳೆಯ ಪ್ರಶ್ನೆ. 2024ರ ಮಾರ್ಚ್‌ನಲ್ಲಿ ಆದದ್ದನ್ನು ಹೇಳುತ್ತೇನೆ. ಎಕ್ಸ್‌ಝಡ್ ಅಂತ ಫೈಲುಗಳನ್ನು ಕುಗ್ಗಿಸುವ ಒಂದು ಸಣ್ಣ ಸಾಫ್ಟ್‌ವೇರ್. ಪ್ರಪಂಚದ ಬಹುತೇಕ ಲಿನಕ್ಸ್ ಸರ್ವರ್‌ಗಳಲ್ಲಿ ಇದೆ. ನೋಡಿಕೊಳ್ಳುತ್ತಿದ್ದದ್ದು ಒಬ್ಬರೇ, ಲಾಸ್ಸೆ ಕಾಲಿನ್, ಬಿಡುವಿನ ಹೊತ್ತಿನಲ್ಲಿ, ಸಂಬಳ ಇಲ್ಲದೆ. ಜಿಯಾ ಟಾನ್ ಅನ್ನುವ ಹೆಸರಿನಲ್ಲಿ ಯಾರೋ ಬಂದು ವರ್ಷಗಟ್ಟಲೆ ನೆರವು ಕೊಟ್ಟು ನಂಬಿಕೆ ಗಳಿಸಿದರು. ಕೊನೆಗೆ ಒಳಗೊಂದು ಕಳ್ಳ ಬಾಗಿಲು ಇಟ್ಟರು. ಅದು ಎಲ್ಲಾ ಕಡೆ ಹರಡಿದ್ದರೆ ಸರ್ವರ್‌ಗಳಿಗೆ ಬೀಗವೇ ಇಲ್ಲದ ಹಾಗೆ ಆಗುತ್ತಿತ್ತು.

ಹಿಡಿದವರು ಆಂಡ್ರೆಸ್ ಫ್ರಾಯ್ಂಡ್ ಅನ್ನುವ ಎಂಜಿನಿಯರ್. ಲಾಗಿನ್ ಆಗುವುದು ಅರ್ಧ ಸೆಕೆಂಡ್ ತಡ ಆಗುತ್ತಿದೆ ಯಾಕೆ ಅಂತ ಬೆನ್ನು ಹತ್ತಿದರು. ಕೋಡ್ ತೆರೆದಿತ್ತು, ಹಾಗಾಗಿ ಯಾರನ್ನೂ ಕೇಳದೆ ಕೊನೆಯವರೆಗೆ ಹೋಗಿ ನೋಡಲು ಆಯಿತು. ಅದೇ ವರ್ಷದ ಜುಲೈ 19ಕ್ಕೆ ಕ್ರೌಡ್‌ಸ್ಟ್ರೈಕ್ ಅನ್ನುವ ಭದ್ರತಾ ಕಂಪನಿಯ ಒಂದು ತಪ್ಪು ಅಪ್ಡೇಟ್ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳನ್ನು ನೆಲಕ್ಕೆ ಕೆಡವಿತು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಕೈಯಲ್ಲಿ ಬೋರ್ಡಿಂಗ್ ಪಾಸ್ ಬರೆದುಕೊಟ್ಟರು. ಅದರ ಒಳಗನ್ನು ಹೊರಗಿನವರು ಮೊದಲೇ ನೋಡುವ ಹಾಗಿರಲಿಲ್ಲ.

ತೆರೆದದ್ದು ಎಂದ ಮಾತ್ರಕ್ಕೆ ಸುರಕ್ಷಿತ ಅಂತ ನಾನು ಹೇಳುವುದಿಲ್ಲ. ನೋಡುವ ಕಣ್ಣು ಇರಬೇಕು. ಎಕ್ಸ್‌ಝಡ್‌ನಲ್ಲಿ ನನಗೆ ಇವತ್ತಿಗೂ ಸಂಕಟ ಆಗುವುದು ಕಳ್ಳನ ಬಗ್ಗೆ ಅಲ್ಲ. ದೊಡ್ಡ ದೊಡ್ಡ ಕಂಪನಿಗಳು ನಿಂತಿದ್ದ ಕೆಲಸವನ್ನು ಒಬ್ಬ ಮನುಷ್ಯ ಸುಸ್ತಾಗಿ ಒಂಟಿಯಾಗಿ ಹೊತ್ತಿದ್ದ, ಯಾರೂ ಕೈ ಜೋಡಿಸಲಿಲ್ಲ. ಕನ್ನಡದ ಫಾಂಟು, ಕೀಬೋರ್ಡು, ಪರಿವರ್ತಕ ಮಾಡಿದವರ ಪರಿಸ್ಥಿತಿಯೂ ಹೆಚ್ಚು ಕಡಿಮೆ ಹಾಗೆಯೇ. ಬಳಸುವವರು ತಪ್ಪು ಕಂಡರೆ ಬರೆದು ತಿಳಿಸಬೇಕು. ಅದಕ್ಕೆ ಕೋಡಿಂಗ್ ಬರಬೇಕಾಗಿಲ್ಲ.

ಶೈಲಾ ಗಂಗಾವತಿ

ಭಾಯ್ ಹೇಳಿದ ಹಾಗೆ ಪೆನ್‌ಡ್ರೈವ್‌ನಿಂದ ಮಿಂಟ್ ಓಡಿಸಿ ನೋಡಿದೆ. ಜೆರಾಕ್ಸ್ ಮೆಷಿನ್ ನೆಟ್‌ವರ್ಕ್‌ನಲ್ಲಿ ತಾನೇ ಸಿಕ್ಕಿತು, ಪ್ರಿಂಟ್ ಬಂತು. ಮಾನ್ವಿಯವರು ಹೇಳಿದ ಸಣ್ಣ ಲೇಸರ್ ಪ್ರಿಂಟರ್ ನಮ್ಮಲ್ಲೂ ಇದೆ, ಅದು ಬರಲಿಲ್ಲ. ಕಗಪ ಕೀಬೋರ್ಡ್ ಸೇರಿಸಿದೆ. ಕೈ ತಡವರಿಸಲಿಲ್ಲ, ಸರಾಗವಾಗಿ ಹೊಡೆದೆ.

ಅಪ್ಪ ಮಾಡಿದ ಹಳೆಯ ಜಾತ್ರೆ ಕರಪತ್ರದ ಪೇಜ್‌ಮೇಕರ್ ಫೈಲನ್ನು ಡ್ರಾದಲ್ಲಿ ತೆಗೆದೆ. ಬಾರ್ಡರ್ ಒಡೆದುಹೋಗಿತ್ತು, ಎರಡು ಕಾಲಂ ಒಂದರ ಮೇಲೊಂದು ಬಂದಿತ್ತು. ಅಕ್ಷರ ಮಾತ್ರ ಪೂರ್ತಿ ಬಂತು. ಪರಿವರ್ತಕಕ್ಕೆ ಹಾಕಿದಾಗ ಶಕ್ತಿನಗರ ಸರ್ ಹೇಳಿದ ಸೊನ್ನೆ ತಕರಾರು ನಮ್ಮಲ್ಲೂ ಸಿಕ್ಕಿತು. ಅಪ್ಪ ಪಕ್ಕದಲ್ಲೇ ಕೂತು ನೋಡುತ್ತಿದ್ದರು. "ಆಗ ಎರಡೂ ಒಂದೇ ತರಹ ಕಾಣುತ್ತಿದ್ದವು, ಯಾವುದು ಕೈಗೆ ಹತ್ತಿರವೋ ಅದನ್ನು ಒತ್ತುತ್ತಿದ್ದೆವು" ಅಂದರು.

ಹೀಗೆ ಮಾಡೋಣ ಅಂತ ಯೋಚನೆ. ಒಂದು ಯಂತ್ರ ವಿಂಡೋಸ್‌ನಲ್ಲೇ ಇರಲಿ, ಇಂಟರ್ನೆಟ್ ತೆಗೆದು, ಪೇಜ್‌ಮೇಕರ್‌ಗೆ ಮತ್ತು ಆ ಸಣ್ಣ ಪ್ರಿಂಟರ್‌ಗೆ ಅಂತ. ಗಿರಾಕಿಗಳ ಪೆನ್‌ಡ್ರೈವ್ ಅದಕ್ಕೆ ಮುಟ್ಟಿಸುವುದಿಲ್ಲ. ಉಳಿದ ಎರಡಕ್ಕೆ ಮಿಂಟ್. ಹೊಸ ಅರ್ಜಿ, ಹೊಸ ಕಾರ್ಡು ಎಲ್ಲಾ ಯೂನಿಕೋಡ್‌ನಲ್ಲೇ. ಹಳೆ ಫೈಲುಗಳನ್ನು ಗಿರಾಕಿ ಕೇಳಿದಾಗ ಒಂದೊಂದಾಗಿ ಬದಲಿಸುತ್ತೇನೆ. ಈಗ ಒಂದೇ ತೊಂದರೆ. ಲಗ್ನ ಪತ್ರಿಕೆಗೆ ನುಡಿಯಲ್ಲಿ ಇದ್ದ ಹಾಗೆ ಬಳುಕುವ ಅಲಂಕಾರದ ಅಕ್ಷರ ಯೂನಿಕೋಡ್‌ನಲ್ಲಿ ಯಾವುದಿದೆ? ಕಾರ್ಡು ಜೋಡಿಸುವುದು ಯಾವುದರಲ್ಲಿ?

ಶಕ್ತಿನಗರ ಸರ್ವರ್

ಯೋಚನೆ ಸರಿಯಾಗಿದೆ. ಪುಟ ಜೋಡಿಸುವುದಕ್ಕೆ ಸ್ಕ್ರೈಬಸ್ ಅನ್ನುವ ಉಚಿತ ತಂತ್ರಾಂಶ. 2024ರ ಜನವರಿಯಲ್ಲಿ 1.6 ಬಂತು, ಅದಕ್ಕಿಂತ ಹಳೆಯದು ಹಾಕಬೇಡಿ. ಹಳೆಯ 1.4ರಲ್ಲಿ ಕನ್ನಡದ ಒತ್ತು ಬಿಡಿಬಿಡಿಯಾಗುತ್ತದೆ. ಮುದ್ರಣಕ್ಕೆ ಬೇಕಾದ ನಾಲ್ಕು ಬಣ್ಣದ ಪಿಡಿಎಫ್ ಅದರಿಂದ ನೇರವಾಗಿ ಬರುತ್ತದೆ. ಒಂದೇ ಪುಟದ ಕಾರ್ಡಿಗೆ ಇಂಕ್‌ಸ್ಕೇಪ್ ಕೂಡ ಸಾಕು.

ಅಕ್ಷರದ ವಿಷಯದಲ್ಲಿ ಸುಳ್ಳು ಭರವಸೆ ಕೊಡುವುದಿಲ್ಲ. ಅಲಂಕಾರದ ಮುಕ್ತ ಫಾಂಟುಗಳು ಕನ್ನಡದಲ್ಲಿ ಕಡಿಮೆ. ದಪ್ಪ ತಲೆಬರಹಕ್ಕೆ ಬಾಲೂ ತಮ್ಮ ಚೆನ್ನಾಗಿದೆ. ಒಳಗಿನ ಸಾಲುಗಳಿಗೆ ನೋಟೋ ಸೆರಿಫ್ ಕನ್ನಡ. ಕೈಬರಹದ ಸೊಗಸಿಗೆ ನವಿಲು ಹಾಕಿ ನೋಡಿ.

ಜೀನ್ಸ್ ಮಂಜ, ಬಳ್ಳಾರಿ

ವಧೂವರರ ಹೆಸರು ಮಾತ್ರ ಬಳುಕಬೇಕು ಅಂದರೆ ಫಾಂಟ್ ಯಾಕೆ ಹುಡುಕುತ್ತೀರಿ ಅಕ್ಕಾ? ಯಾರಾದರೂ ಬೋರ್ಡ್ ಬರೆಯುವವರ ಹತ್ತಿರ ಕಾಗದದ ಮೇಲೆ ಬರೆಸಿ. ಫೋಟೋ ತೆಗೆದು ಇಂಕ್‌ಸ್ಕೇಪ್‌ಗೆ ಹಾಕಿ, ಪಾಥ್ ಮೆನುವಿನಲ್ಲಿ ಟ್ರೇಸ್ ಬಿಟ್‌ಮ್ಯಾಪ್ ಒತ್ತಿ. ಗೆರೆಯಾಗಿ ಬರುತ್ತದೆ, ಎಷ್ಟು ದೊಡ್ಡದು ಮಾಡಿದರೂ ಒಡೆಯುವುದಿಲ್ಲ. ನಾವು ಜೇಬಿನ ಡಿಸೈನ್ ಹಾಗೇ ಮಾಡುವುದು.

ಶೈಲಾ ಗಂಗಾವತಿ

ನಮ್ಮ ಓಣಿಯಲ್ಲೇ ಒಬ್ಬರು ಬೋರ್ಡ್ ಬರೆಯುವ ಹಿರಿಯರು ಇದ್ದಾರೆ. ಫ್ಲೆಕ್ಸ್ ಬಂದ ಮೇಲೆ ಅವರಿಗೆ ಕೆಲಸವೇ ಇಲ್ಲ. ನಾಳೆಯೇ ಹೋಗಿ ಕೇಳುತ್ತೇನೆ. ಒಂದು ಹೆಸರಿಗೆ ಎಷ್ಟು ಕೊಟ್ಟರೆ ಸರಿ ಅಂತ ಬಳ್ಳಾರಿ ಕಡೆಯವರು ಹೇಳಿ, ಕಡಿಮೆ ಕೊಡಲು ಮನಸ್ಸಿಲ್ಲ.